ದಾಬೆಯ ಕೇರಿ

ಆ ಕುರ್ಚಿಗಳನ್ನೆಲ್ಲ ಹೆಣೆದವಳು ನಾನು. ಮೊದಲು ಇದನ್ನು ಹೇಳಿಬಿಡುತ್ತೇನೆ. ಆಮೇಲೆ ಬೇಕಾದರೆ ನಗಿ.

ನಮ್ಮೂರಿನ ಕೋಟ್ಲಾದಲ್ಲಿ ಗಂಡಸರು ತಮ್ಮ ತಮ್ಮ ಮನೆಯಿಂದ ಕುರ್ಚಿ ಹೊತ್ತು ತಂದು ಕೂರುತ್ತಾರೆ. ಕೋಟ್ಲಾ ಅಂದರೆ ಊರು ಸೇರುವ ಜಾಗ. ದಪ್ಪ ದಿಮ್ಮಿಗಳನ್ನು ಅರ್ಧಚಂದ್ರಾಕಾರವಾಗಿ ನೆಟ್ಟ ಬೇಲಿ, ನಡುವೆ ಗುಡಿಸಿದ ನೆಲ. ನ್ಯಾಯ ಆಗುವುದೂ ಅಲ್ಲೇ, ಜಗಳ ಆಗುವುದೂ ಅಲ್ಲೇ. ಹೆಂಗಸರು ತಲೆಗೆ ಬಟ್ಟೆ ಕಟ್ಟಿ, ಹೆಗಲಿಗೆ ಶಾಲು ಹೊದ್ದು ನೆಲದ ಮೇಲೆ ಕೂರುತ್ತಾರೆ. ಗಂಡಸರದು ಮಡಚುವ ಗಿಡ್ಡ ಕುರ್ಚಿ. ಮರದ ಚೌಕಟ್ಟು, ಕೂರುವ ಜಾಗಕ್ಕೆ ತೊಗಲಿನ ಪಟ್ಟಿಯ ಹೆಣಿಗೆ. ಮರ ಕೆತ್ತುತ್ತಿದ್ದವನು ನನ್ನ ಅಪ್ಪ ದಾಬೆ. ತೊಗಲು ನನ್ನದು.

ತೊಗಲಿನ ಕೆಲಸ ನಿಮಗೆ ಗೊತ್ತಿಲ್ಲ. ಎತ್ತಿನ ಹಸಿ ಚರ್ಮವನ್ನು ಬೂದಿನೀರಿನಲ್ಲಿ ನೆನೆಹಾಕಬೇಕು. ಮೂರನೇ ದಿನ ಕೂದಲು ಸಡಿಲವಾಗುತ್ತದೆ. ನಾತ ಅಂದರೆ ನಾತ, ನೊಣಗಳಿಗೇ ತಲೆ ತಿರುಗಬೇಕು. ಮಂಡಿಯೂರಿ ಕೂತು ಹೆರೆಯಬೇಕು. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ಒಂದೇ ಪಟ್ಟಿಯಾಗಿ ಕೊಯ್ಯಬೇಕು. ಕೊಬ್ಬು ಸವರಿ, ಕೊಂಬೆಗೆ ಕಟ್ಟಿ, ಕೆಳಗೆ ಕಲ್ಲು ತೂಗುಹಾಕಿ ತಿರುಚಬೇಕು. ಹದ ಬಂತೋ ಇಲ್ಲವೋ ಎಂದು ಕಚ್ಚಿ ನೋಡಬೇಕು. ನನ್ನ ಮುಂದಿನ ಎರಡು ಹಲ್ಲು ಹೋದದ್ದು ವಯಸ್ಸಿಗಲ್ಲ. ಊರ ದೊಡ್ಡವರೆಲ್ಲ ಮೊದಲು ನನ್ನ ಬಾಯಿಗೆ ಬಂದ ತೊಗಲಿನ ಮೇಲೆಯೇ ಆಮೇಲೆ ಕುಂಡೆ ಊರಿದ್ದಾರೆ.

ಗಂಟು ಮಾತ್ರ ಅಪ್ಪ ಹೇಳಿಕೊಟ್ಟದ್ದು. ಪಟ್ಟಿಯ ಕೊನೆಯನ್ನು ಕುರ್ಚಿಯ ಅಡಿಯಲ್ಲಿ, ಬಲಗಾಲಿನ ಹತ್ತಿರ, ಕೂತವರಿಗೆ ಕಾಣದ ಹಾಗೆ ಗಂಟು ಹಾಕುವುದು. ಅದು ಬಿಚ್ಚುವುದಿಲ್ಲ. ಬೇರೆ ಯಾರಿಗೂ ಹಾಕಲು ಬರುವುದೂ ಇಲ್ಲ.

ಊರವರು ನಮ್ಮನ್ನು ಮಸಾರ್ವಾ ಅನ್ನುತ್ತಾರೆ. ಅನ್ನುವಾಗ ಮೂಗು ಮುರಿಯುತ್ತಾರೆ. ನಾವು ಕೂವಾ ಜನ, ಕಾಡಿನ ಮೂಲದವರು. ಊರಿಂದ ಮುಕ್ಕಾಲು ದಿನದ ನಡಿಗೆಯಷ್ಟು ದೂರದಲ್ಲಿ, ಕಲಹಾರಿ ಮರುಭೂಮಿಯ ಮರಳಿನಲ್ಲಿ, ಮೊಸಿನ್ಯಿ ಧಣಿಯ ದನದ ಹಟ್ಟಿ ಇದೆ. ನನ್ನ ಅಜ್ಜ ಅಲ್ಲಿ ದನ ಕಾದ. ಅಪ್ಪ ಕಾದ. ಈಗ ತಮ್ಮ ಕಾಯುತ್ತಾನೆ. ನಮಗೆ ಸಿಗುವುದು ಹಾಲು, ತಿಂಗಳಿಗೊಂದು ಚೀಲ ಮೆಕ್ಕೆಜೋಳದ ಹಿಟ್ಟು, ಧಣಿಯ ಮಕ್ಕಳು ಹಾಕಿ ಬಿಟ್ಟ ಬಟ್ಟೆ. ಬೋರಿನಲ್ಲಿ ನೀರು ಬಂದರೆ ಮೊದಲು ದನ ಕುಡಿಯಬೇಕು, ಆಮೇಲೆ ನಾವು. ಹುಟ್ಟಿದಾಗ ಹೆಸರಿಟ್ಟವರೂ ಧಣಿಯ ಮನೆಯವರೇ. ನನಗೆ ದಿತಿರೊ, ಅಂದರೆ ಕೆಲಸ. ತಮ್ಮನಿಗೆ ಮೊದಿಸಾ, ಅಂದರೆ ದನಕಾಯುವವನು. ನಮ್ಮ ಮುಖ ನೋಡಿದರೆ ಅವರಿಗೆ ಇನ್ನೇನೂ ಹೊಳೆಯಲಿಲ್ಲ. ಅಪ್ಪ ಇಟ್ಟ ಹೆಸರು ಬೇರೆ ಇತ್ತು. ಅವನು ಸತ್ತ ಮೇಲೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿಯಲಿಲ್ಲ.

ಅಪ್ಪ ಸತ್ತಾಗ ಊರ ಸ್ಮಶಾನದಲ್ಲಿ ಜಾಗ ಕೇಳಿದೆವು. ಸ್ಮಶಾನದ ಜಾಗ ಕೇರಿಗಳ ಲೆಕ್ಕದಲ್ಲಿ. ಊರಿನಲ್ಲಿ ಒಂಬತ್ತು ಕೇರಿ, ಒಂಬತ್ತು ಹಿರಿಯರು. ನಾವು ಮೊಸಿನ್ಯಿ ಕೇರಿಗೆ ಸೇರಿದವರು, ಆ ಕೇರಿಯ ಹಿರಿಯ ಮೊಸಿನ್ಯಿ ಧಣಿಯೇ. ಅವನು ಹೇಳಿದ, "ಅಷ್ಟು ದೂರ ಯಾಕೆ ಹೊತ್ಕೊಂಡು ಬರ್ತೀರ? ಅಲ್ಲೇ ಎಲ್ಲಾದ್ರೂ ಮಣ್ಣು ಮಾಡಿ." ದೊಡ್ಡಿಯ ಹಿಂದೆ ಮಣ್ಣು ಮಾಡಿದೆವು. ಮುಂದಿನ ಮಳೆಗಾಲದಲ್ಲಿ ದೊಡ್ಡಿಯನ್ನು ಆ ಕಡೆಗೆ ಅಗಲ ಮಾಡಿದರು. ಅಪ್ಪನ ಗುಡ್ಡೆಯ ಮೇಲೆ ದನ ನಡೆದಾಡಿದವು. ಸಗಣಿ ಹಾಕಿದವು. ಎರಡು ವರ್ಷದಲ್ಲಿ ನೆಲ ಸಮ ಆಯಿತು.

ಹಾಗಾಗಿ ನನಗೆ ಒಂದು ನಿವೇಶನ ಬೇಕಿತ್ತು. ಊರಲ್ಲಿ, ನನ್ನ ಹೆಸರಿನಲ್ಲಿ. ಅಲ್ಲಿಂದ ಏಳು ಎಂದು ಯಾರೂ ನನಗೆ ಹೇಳಬಾರದು. ಸತ್ತರೆ ದನ ತುಳಿಯಬಾರದು. ಇಷ್ಟೇ ಆಸೆ. ನಲವತ್ತಾರು ವರ್ಷಕ್ಕೆ ಇದಕ್ಕಿಂತ ದೊಡ್ಡ ಆಸೆ ನನಗೆ ಹುಟ್ಟಿರಲಿಲ್ಲ.

ಆ ವರ್ಷ ಊರ ತುದಿಯ ಹೊಸ ನಲ್ಲಿಯ ಹತ್ತಿರ ನಿವೇಶನ ಹಂಚುತ್ತಾರೆ ಎಂದು ಸುದ್ದಿ ಬಂತು. ಹಟ್ಟಿಗಳಲ್ಲಿರುವ ಕೂವಾಗಳಿಗೂ ಕೊಡಬೇಕೇ, ಬೇಡವೇ? ಊರು ಎರಡು ಭಾಗವಾಯಿತು. ಕೊಡಬಾರದು ಅನ್ನುವವರು ಹೆಚ್ಚು, ಕೊಟ್ಟರೆ ಕೊಡಲಿ ಅನ್ನುವವರು ಕೆಲವರು. ಜಿಲ್ಲೆಯಿಂದ ಒಬ್ಬ ಅಧಿಕಾರಿಣಿ ಬಂದು ಕೋಟ್ಲಾದಲ್ಲಿ ಸಭೆ ಕರೆಸಿದಳು. ಮುಕ್ತ ಚರ್ಚೆ ಅಂತ.

ಚರ್ಚೆಯ ದಿನ ನಾನು ನಸುಕಿನಲ್ಲೇ ಊರಲ್ಲಿದ್ದೆ. ಅಧಿಕಾರಿಗಳ ಊಟಕ್ಕೆ ಮಾಂಸ ಕುಟ್ಟಬೇಕಿತ್ತು. ಬೇಯಿಸಿದ ಮಾಂಸವನ್ನು ಮೂರು ಕಾಲಿನ ಕಬ್ಬಿಣದ ಮಡಕೆಯಲ್ಲೇ ಒನಕೆಯಿಂದ ಎಳೆ ಎಳೆಯಾಗುವವರೆಗೆ ಕುಟ್ಟಬೇಕು. ನಾಲ್ಕು ಮಡಕೆ. ತೋಳು ಬಿದ್ದುಹೋಗುವಷ್ಟು ಕುಟ್ಟಿದೆ. ಆಮೇಲೆ ಮೈ ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡು, ಯಾರದೋ ಹಳೇ ಶಾಲು ಹೊದ್ದು, ಹೆಂಗಸರ ಸಾಲಿನ ಕಟ್ಟಕಡೆಯಲ್ಲಿ ಕೂತೆ. ಪಕ್ಕದಲ್ಲಿದ್ದವಳು ಚಾಪೆ ಎಳೆದುಕೊಂಡು ಒಂದು ಮೊಳ ಅತ್ತ ಸರಿದಳು.

ಕೋಸಿ, ಅಂದರೆ ಊರ ಒಡೆಯ, ಎದ್ದು ನಿಂತು ಹೇಳಿದ, "ನಮ್ಮ ಹಿರಿಯರ ಮಾತು ನಿಮಗೆಲ್ಲ ಗೊತ್ತು. ಕೋಟ್ಲಾದಲ್ಲಿ ಬಿದ್ದ ಮಾತೆಲ್ಲ ಚೆಂದವೇ. ತಪ್ಪು ಮಾತಾಡೋನಿಗೂ ಇಲ್ಲಿ ಜಾಗ ಇದೆ. ಯಾರೂ ಯಾರ ಬಾಯಿ ಮುಚ್ಚಿಸೋ ಹಾಗಿಲ್ಲ."

"ಪುಲಾ!" ಎಂದು ಎಲ್ಲರೂ ಕೂಗಿದರು. ಪುಲಾ ಅಂದರೆ ಮಳೆ. ನಮ್ಮ ಕಡೆ ಒಳ್ಳೆ ಮಾತು ಆಡಿದವನಿಗೆ ಹಾಗೆ ಕೂಗುತ್ತಾರೆ, ನಿನ್ನ ಬಾಯಿಂದ ಮಳೆ ಬರಲಿ ಅಂತ.

ಮಾತು ಶುರುವಾಯಿತು. ಒಬ್ಬೊಬ್ಬರೇ ಎದ್ದು, ಟೋಪಿ ತೆಗೆದು, ಹೆಸರು ಹೇಳಿ, ಕೇರಿ ಹೇಳಿ ಮಾತಾಡಿದರು.

"ನಾನು ಯಾರನ್ನೂ ದ್ವೇಷ ಮಾಡೋನಲ್ಲ. ಆದ್ರೆ ಮನೆ ಕೊಟ್ರೆ ಇವ್ರು ಅಲ್ಲಿ ಇರ್ತಾರಾ? ಒಂದು ಮಳೆ ಬಿದ್ರೆ ಕಾಡಿಗೆ ಓಡ್ತಾರೆ."

"ಕುಡಿದು ಬೀಳ್ತಾರೆ. ಕ್ಷಯ ಬೇರೆ. ನಮ್ಮ ಮಕ್ಕಳು ಅದೇ ನಲ್ಲೀಲಿ ನೀರು ಹಿಡಿಬೇಕು."

"ಎಲ್ರೂ ಊರಿಗೆ ಬಂದು ಕೂತ್ರೆ ದನ ಕಾಯೋರು ಯಾರು? ನೀನು ಕಾಯ್ತೀಯೇನೋ?"

ನಕ್ಕರು. ಪ್ರತಿ ಮಾತಿಗೂ ಯಾರಾದರೂ ಪುಲಾ ಅಂದರು. ನಾನು ಅವರ ಮುಖ ನೋಡಲಿಲ್ಲ, ಕುರ್ಚಿ ನೋಡಿದೆ. ಕ್ಷಯದ ಮಾತಾಡಿದವನ ಕುರ್ಚಿ ನಾನು ಚೊಚ್ಚಲ ಬಸುರಿಯಾಗಿದ್ದಾಗ ಹೆಣೆದದ್ದು. ಆ ಮಗು ಉಳಿಯಲಿಲ್ಲ. ಕುರ್ಚಿ ಇನ್ನೂ ಗಟ್ಟಿಮುಟ್ಟಾಗಿತ್ತು.

ನಮ್ಮ ಪರವಾಗಿ ಎದ್ದವನೂ ಒಬ್ಬನಿದ್ದ, ಶಾಲೆಯ ಮೇಷ್ಟ್ರು. ಎದೆ ಮುಟ್ಟಿಕೊಂಡು, "ದನಿ ಇಲ್ಲದೋರ ದನಿಯಾಗಿ ನಾನು ಮಾತಾಡ್ತೀನಿ" ಅಂದ. ಚೆನ್ನಾಗಿಯೇ ಮಾತಾಡಿದ. ಅಧಿಕಾರಿಣಿ ತಲೆದೂಗಿದಳು. ಆದರೆ ಅಯ್ಯಾ ಮೇಷ್ಟ್ರೇ, ನನಗೆ ದನಿ ಇತ್ತಲ್ಲ! ಬೆಳಿಗ್ಗೆ ನಿಮ್ಮ ಕುರ್ಚಿ ಹೊತ್ತು ತಂದು "ಇಲ್ಲಿಡ್ಲಾ?" ಅಂತ ಕೇಳಿದವಳು ನಾನೇ ಅಲ್ಲವೇ? "ಹ್ಞೂ, ಅಲ್ಲೇ ಇಡು" ಅಂದಿರಿ. ಆಗ ಕೇಳಿಸಿತ್ತು.

ಬಿಸಿಲು ನೆತ್ತಿಗೆ ಬರುವವರೆಗೂ ನಮ್ಮ ಬಗ್ಗೆ ಮಾತಾಡಿದರು. ನಾವು ಏನು ತಿನ್ನುತ್ತೇವೆ, ಎಲ್ಲಿ ಮಲಗುತ್ತೇವೆ, ನಮಗೇನು ಬೇಕು, ನಮಗೇನು ಬೇಡ, ಎಲ್ಲ ಅವರಿಗೆ ಗೊತ್ತಿತ್ತು. ನಾನು ಎದ್ದು ನಿಂತೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಯಾರಮ್ಮ ನೀನು?" ಕೋಸಿ ಕೇಳಿದ. ಅವನು ಕೂತಿದ್ದ ಕುರ್ಚಿಗೆ ಹೋದ ವರ್ಷ ಹೊಸ ಪಟ್ಟಿ ಹಾಕಿದವಳು ನಾನು. ಆದರೂ ಕೇಳಿದ.

"ದಿತಿರೊ, ಒಡೆಯ."

"ನಿಂದು ಯಾವ ಕೇರಿ?"

ಬಾಯಿಗೆ ಬಂದ ಉತ್ತರ ಕೊಟ್ಟೆ. ಅದೇ ನಾನು ಮಾಡಿದ ತಪ್ಪು. ನಮ್ಮಂಥವರು ಮಾತ್ರ ಮಾಡುವ ತಪ್ಪು. "ಮೊಸಿನ್ಯಿ ಕೇರಿ" ಅಂದೆ.

"ಹಾಗಾದ್ರೆ ನಿನ್ನ ಹಿರಿಯರು ಇಲ್ಲೇ ಇದ್ದಾರಲ್ಲ. ಕೇರಿ ಮಾತು ಹಿರಿಯರ ಬಾಯಿಂದ ಬರ್ಬೇಕು. ಅದು ಪದ್ಧತಿ."

ಮೊಸಿನ್ಯಿ ಧಣಿ ಎದ್ದ. ಟೋಪಿ ತೆಗೆದ. ಮೆಲ್ಲಗೆ ಮಾತಾಡುವ ಮನುಷ್ಯ ಅವನು, ಎಂದೂ ಕೂಗಾಡಿದವನಲ್ಲ. "ಪಾಪ, ನಮ್ಮ ಹುಡುಗಿ. ನಮ್ಮ ಮನೇಲೇ ಬೆಳೆದೋಳು" ಅಂದ. ನನ್ನ ಕೂದಲು ನರೆತಿದ್ದು ಎಲ್ಲರಿಗೂ ಕಾಣುತ್ತಿತ್ತು. "ಅವಳ ಮಾತು ನಾನು ಹೇಳ್ತೀನಿ. ಅವಳು ಹೇಳೋದು ಏನಂದ್ರೆ, ನಮಗೆ ನಿವೇಶನ ಬೇಡ. ನಮ್ಮಪ್ಪನ ಸಮಾಧಿ ಹಟ್ಟಿಯಲ್ಲೇ ಇದೆ. ಆ ಮಣ್ಣು ಬಿಟ್ಟು ನಾನು ಎಲ್ಲಿಗೂ ಬರೋಳಲ್ಲ."

"ಪುಲಾ! ಪುಲಾ!" ಎಂದು ಕೂಗಿದರು. ಆ ದಿನ ಎಲ್ಲಕ್ಕಿಂತ ಜೋರಾಗಿ ಕೂಗಿದ್ದು ಆಗಲೇ. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು.

ಅಪ್ಪನ ಗುಡ್ಡೆಯ ಮೇಲೆ ದೊಡ್ಡಿ ಹಾಕಿಸಿದ ಬಾಯಿ ಅದು. ಅದೇ ಬಾಯಿ ನನ್ನ ಬಾಯಾಗಿ ನನ್ನ ಎದುರಿಗೇ ಮಾತಾಡಿತು.

"ಸುಳ್ಳು" ಅಂದೆ.

ಕೋಸಿ ಹುಬ್ಬು ಗಂಟಿಕ್ಕಿ ಕೇಳಿದ, "ಹಿರಿಯರ ಮಾತಿಗೆ ಸುಳ್ಳು ಅಂದ್ಯಾ?"

"ಕೋಟ್ಲಾದಲ್ಲಿ ಬಿದ್ದ ಮಾತೆಲ್ಲ ಚೆಂದ ಅಂದ್ರಿ, ಒಡೆಯ. ಇದೂ ಒಂದು ಮಾತು."

"ನಾಲಿಗೆ ನೋಡು ಇವಳದು!" ಹಿಂದಿನಿಂದ ಯಾರೋ ಅಂದರು. ಅಧಿಕಾರಿಣಿ ಏನೋ ಹೇಳಲು ಬಾಯಿ ತೆರೆದಳು. ಕೋಸಿ ಅವಳತ್ತ ಬಾಗಿ, ಪದ್ಧತಿ, ಸಮಯ, ಊಟ ಎಂದು ಏನೇನೋ ಪಿಸುಗುಟ್ಟಿದ. ಅವಳು ಗಡಿಯಾರ ನೋಡಿಕೊಂಡು ಬಾಯಿ ಮುಚ್ಚಿದಳು. ನಾನು ಕುಟ್ಟಿದ ಮಾಂಸ ಆರುತ್ತಿತ್ತು.

"ಮಾತು ಬಿತ್ತು. ಆಯ್ತು. ಕೂತ್ಕೋ" ಅಂದ ಕೋಸಿ.

"ಕೂರಲ್ಲ."

"ಕೂತ್ಕೊಳ್ಳೇ!" ಮೊಸಿನ್ಯಿಯ ಹಿಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ತಮ್ಮ ಮೊದಿಸಾ ನಮ್ಮ ಭಾಷೆಯಲ್ಲಿ ಕಿರುಚಿದ. "ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ, ಕೂತ್ಕೋ."

ಕೂರಲಿಲ್ಲ. ಯಾರೂ ಬಂದು ಎಳೆಯಲೂ ಇಲ್ಲ. ಎಳೆದಿದ್ದರೆ ಒಳ್ಳೆಯದಿತ್ತು. ಕಂಬದ ಸುತ್ತ ಕೆಲಸ ನಡೆದ ಹಾಗೆ ನನ್ನ ಸುತ್ತ ಸಭೆ ನಡೆಯಿತು. ಇನ್ನೂ ಐದು ಜನ ಮಾತಾಡಿದರು. ವಂದನೆ ಹೇಳಿದರು. ಊಟಕ್ಕೆ ಎದ್ದರು. ಗಂಡಸರು ತಮ್ಮ ತಮ್ಮ ಕುರ್ಚಿ ಮಡಚಿ ಹೆಗಲಿಗೆ ಹಾಕಿಕೊಂಡು ನನ್ನ ಎರಡೂ ಬದಿಯಿಂದ ಹಾದುಹೋದರು. ಮೇಷ್ಟ್ರೂ ಹೋದರು. ತಮ್ಮ ಬಂದು ಶಾಲು ಜಗ್ಗಿದ. "ನಡಿ. ಧಣಿ ಗಾಡಿ ಹೊರಡ್ತಾ ಇದೆ." ನಾನು ಅಲ್ಲಾಡಲಿಲ್ಲ. ಅವನೂ ಹೋದ.

ಖಾಲಿ ಕೋಟ್ಲಾದಲ್ಲಿ ನಾನೊಬ್ಬಳೇ ನಿಂತಿದ್ದೆ. ನೆಲದ ಮೇಲೆ ಕುರ್ಚಿ ಕಾಲಿನ ಗುರುತು, ನಾಲ್ಕು ನಾಲ್ಕು ಗುಳಿ. ಆಗ ಅನ್ನಿಸಿತು, ಇಷ್ಟು ಜನರ ನಡುವೆ ನಾನು ಬೆಳಗಿನಿಂದಲೂ ಒಬ್ಬಳೇ ಇದ್ದೆ. ಈಗ ಕಣ್ಣಿಗೆ ಕಾಣುತ್ತಿದೆ, ಅಷ್ಟೇ ವ್ಯತ್ಯಾಸ.

ಗುಮಾಸ್ತ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದ. ಅವನನ್ನು ತಡೆದೆ.

"ನಾನು ಹೇಳಿದ್ದು ಬರೆದ್ರಾ ಸ್ವಾಮಿ?"

ಪುಸ್ತಕ ತೆರೆದು ಓದಿದ. "ಮೊಸಿನ್ಯಿ ಕೇರಿ: ನಿವೇಶನ ಬೇಡ ಎಂದರು."

"ಸುಳ್ಳು ಅಂದೆನಲ್ಲ, ಅದು?"

"ಅದು ಮಾತಲ್ಲಮ್ಮ, ಗಲಾಟೆ. ಗಲಾಟೆ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ." ಒಳ್ಳೆಯವನೇ. ಹೋಗುವಾಗ, "ಕಾಲು ನೋಯುತ್ತೆ, ಮನೆಗೆ ಹೋಗು" ಅಂದ.

ಹಟ್ಟಿಗೆ ನಡೆದೇ ಹೋದೆ. ತಲುಪುವ ಹೊತ್ತಿಗೆ ನನಗಿಂತ ಮೊದಲು ಸುದ್ದಿ ತಲುಪಿತ್ತು. ನಾನು ಧಣಿಯ ಮನೆ ಬಾಗಿಲಿಗೆ ಹೋಗಿ, ಮಂಡಿಯೂರಿ, ತಪ್ಪಾಯಿತು ಎನ್ನುವವರೆಗೂ ಹಟ್ಟಿಯಲ್ಲಿದ್ದ ನಮ್ಮ ಮೂರೂ ಗುಡಿಸಲಿಗೆ ಹಿಟ್ಟು ಇಲ್ಲ. ನನಗೆ ಮಾತ್ರ ಅಲ್ಲ, ಮೂರಕ್ಕೂ. ಮೊಸಿನ್ಯಿಗೆ ಬೈಯುವುದು ಬರುವುದಿಲ್ಲ, ಇದು ಬರುತ್ತದೆ.

ಹದಿನೈದು ದಿನ ಎಲ್ಲರೂ ತಡೆದುಕೊಂಡೆವು. ಕಾಡು ಕಲ್ಲಂಗಡಿ ತಿಂದೆವು, ಗೆಡ್ಡೆ ಅಗೆದೆವು. ಹದಿನಾರನೇ ದಿನ ಮೊದಿಸಾ ನನ್ನ ಎದುರು ಬಂದು ಕೂತ.

"ಅಕ್ಕಾ, ಬಡವಾ ನೀ ಮಡಗ್ದಂಗಿರು ಅಂತ ಅಪ್ಪ ಹೇಳ್ತಿರ್ಲಿಲ್ವಾ?"

"ಹೇಳ್ತಿದ್ದ. ಮಡಗಿದ ಹಾಗೇ ಇದ್ದ. ಈಗ ಅವನ ಮೇಲೆ ದನ ಉಚ್ಚೆ ಹೊಯ್ತಾ ಇವೆ."

"ನನ್ ಹೆಂಡ್ತಿ ಬಾಣಂತಿ. ಎದೇಲಿ ಹಾಲಿಲ್ಲ."

"ನನಗೆ ಗೊತ್ತಿಲ್ವೇನೋ?"

"ಹಾಗಾದ್ರೆ ಹೋಗಿ ಒಂದ್ ಮಾತು ಹೇಳು. ತಪ್ಪಾಯ್ತು ಅಂತ. ಏನು ನಿನ್ ಗಂಟು ಹೋಗುತ್ತೆ?"

"ನನ್ನ ಹತ್ರ ಇರೋದು ಅದೊಂದೇ ಗಂಟು, ಮೊದಿಸಾ."

ಅವನು ನೆಲ ಕೆರೆಯುತ್ತ, ತಲೆ ಎತ್ತದೆ, "ಹಾಗಾದ್ರೆ ನೀನು ಇಲ್ಲಿಂದ ಹೋಗ್ಬಿಡು" ಅಂದ. ನಾನು ಎತ್ತಿ ಆಡಿಸಿದ ತಮ್ಮ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿಲ್ಲ ಅಂತ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅಪ್ಪ ಮರ ಕೆತ್ತುತ್ತಿದ್ದ ಬಾಚಿ, ನನ್ನ ತೊಗಲಿನ ಚೂರಿ, ಒಂದು ಮಡಕೆ, ಒಂದು ಕಂಬಳಿ. ಇಷ್ಟು ಕಟ್ಟಿಕೊಂಡು ಊರಿಗೆ ಬಂದೆ. ಹೊಸ ನಲ್ಲಿಯ ಆಚೆ, ಯಾರದೂ ಅಲ್ಲದ ಜಾಗದಲ್ಲಿ ಒಂದು ದೊಡ್ಡ ಮುಳ್ಳಿನ ಮರವಿದೆ. ಅದರ ಕೆಳಗೆ ಕೊಂಬೆ ಊರಿ, ಹುಲ್ಲು ಹೊದಿಸಿ ಗೂಡು ಮಾಡಿಕೊಂಡೆ.

ನಾನು ನಲ್ಲಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಕೊಡ ತುಂಬಿ ತಿರುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕಾಡಿನಿಂದ ಸೌದೆ ತಂದು, ಹೆಂಡ ಕಾಯಿಸುವ ಕೆಲಪಿಲೆ ಎಂಬ ಮುದುಕಿಯ ಅಂಗಳದಲ್ಲಿ ಹಾಕುತ್ತಿದ್ದೆ. ಅವಳು ಒಂದು ಬಟ್ಟಲು ಹಿಟ್ಟು ಕೊಡುತ್ತಿದ್ದಳು. "ಇಲ್ಲಿಡು" ಅನ್ನುತ್ತಿದ್ದಳು. ದಿನಕ್ಕೆ ನನ್ನ ಕಿವಿಗೆ ಬೀಳುತ್ತಿದ್ದದ್ದು ಅದೊಂದೇ. ಒಂದು ದಿನ ಅವಳಿಗೆ ಹಲ್ಲುನೋವು, ಕೈಸನ್ನೆ ಮಾಡಿದಳು. ಆವತ್ತು ಅದೂ ಇಲ್ಲ. ನನ್ನ ಭಾಷೆ ಆಡುವವರು ಊರಲ್ಲಿ ಯಾರೂ ಇರಲಿಲ್ಲ. ಆ ಭಾಷೆಯಲ್ಲಿ ನನ್ನನ್ನು ಬೈಯುವುದಕ್ಕಾದರೂ ಒಬ್ಬರು ಸಿಕ್ಕಿದ್ದರೆ ಕೈಮುಗಿಯುತ್ತಿದ್ದೆ. ಹಟ್ಟಿಗೆ ವಾಪಸು ಓಡಿಹೋಗೋಣ ಅನ್ನಿಸಿದ ದಿನಗಳು ಒಂದೆರಡಲ್ಲ. ಮಂಡಿಯೂರುವುದು ನನಗೆ ಹೊಸದೇನಲ್ಲ, ಜೀವಮಾನವೆಲ್ಲ ತೊಗಲಿನ ಮುಂದೆ ಊರಿದವಳು. ಆದರೂ ಹೋಗಲಿಲ್ಲ.

ಮಾತು ಮರೆತುಹೋದೀತು ಎಂದು ಹೆದರಿ ಕೆಲಸ ಹಚ್ಚಿಕೊಂಡೆ. ಮರ ಕೆತ್ತಲು ಕಲಿತೆ. ಅಪ್ಪನ ಬಾಚಿ ನನ್ನ ಕೈಗೆ ದೊಡ್ಡದು, ಎರಡು ಸಲ ಕಾಲು ಕುಯ್ದುಕೊಂಡೆ. ಸತ್ತು ಬಿದ್ದಿದ್ದ ಕತ್ತೆಯ ಚರ್ಮ ಸುಲಿದು ತಂದೆ. ಒಂದು ಕುರ್ಚಿ ಮಾಡಿದೆ. ಕಾಲುಗಳು ಸ್ವಲ್ಪ ಓರೆ. ಹೆಣಿಗೆ ಮಾತ್ರ ಅಪ್ಪಟ. ಅಷ್ಟು ವರ್ಷ ಕುರ್ಚಿ ಹೆಣೆದವಳು ಮೊದಲ ಸಲ ಕುರ್ಚಿಯ ಮೇಲೆ ಕೂತೆ. ಸೊಂಟಕ್ಕೆ ಎಷ್ಟು ಹಿತ ಅಂತೀರಿ! ಹಾಳಾದವರು, ಇಷ್ಟು ಸುಖ ಇಟ್ಟುಕೊಂಡು ನಮಗೆ ಹೇಳಿರಲೇ ಇಲ್ಲ.

ಚಳಿಗಾಲ ಕಾಲಿಟ್ಟಾಗ ಮೊಸಿನ್ಯಿ ಬಂದ. ಗಾಡಿಯಿಂದ ತಾನೇ ಇಳಿದ. ಕೈಯಲ್ಲಿ ಅವನ ತಂದೆಯ ಕಾಲದ ಕುರ್ಚಿ. ನಡುವಿನ ಪಟ್ಟಿ ಕಿತ್ತು ಜೋತಾಡುತ್ತಿತ್ತು.

"ದಿತಿರೊ, ಚೆನ್ನಾಗಿದೀಯಾ?"

"ಇದೀನಿ, ಧಣಿ."

"ಆ ಅಧಿಕಾರಿಣಿ ಮತ್ತೆ ಬರ್ತಾಳಂತೆ. ಬರೋ ಗುರುವಾರ ಕೋಟ್ಲಾ. ಪ್ರತಿ ಕೇರಿ ಹಿರಿಯರೂ ಕೊನೇ ಮಾತು ಹೇಳ್ಬೇಕು. ಇದನ್ನ ಸರಿಮಾಡ್ಕೊಡು. ಊರೆಲ್ಲ ಹುಡುಕಿದೆ, ಈ ಕೆಲಸ ಯಾರಿಗೂ ಬರಲ್ಲ." ಗಾಡಿಯ ಕಡೆ ಕೈ ತೋರಿಸಿದ. "ಒಂದು ಚೀಲ ಹಿಟ್ಟು ತಂದಿದೀನಿ. ಹಳೇದೆಲ್ಲ ಬಿಡು. ನೀನು ನಮ್ಮ ಮನೆ ಮಗಳು."

ಹಿಟ್ಟಿನ ಚೀಲ ನೋಡಿದೆ. ಬಾಯಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಕುರ್ಚಿ ಈಸಿಕೊಂಡು ಬೋರಲು ಹಾಕಿದೆ. ಅಡಿಯಲ್ಲಿ, ಬಲಗಾಲಿನ ಹತ್ತಿರ, ಅಪ್ಪನ ಗಂಟು. ಪಟ್ಟಿಯೆಲ್ಲ ಹರಿದುಹೋಗಿತ್ತು, ಗಂಟು ಹಾಗೇ ಇತ್ತು. ಅದರ ಮೇಲೆ ಬೆರಳಿಟ್ಟುಕೊಂಡು ಒಂದು ಗಳಿಗೆ ಕೂತೆ.

"ಏನಾಯ್ತು? ಆಗುತ್ತಾ?"

"ಕುರ್ಚಿಯ ಮಾತು ನಾನು ಹೇಳ್ತೀನಿ, ಧಣಿ" ಅಂದೆ. "ಅದು ಹೇಳೋದು ಏನಂದ್ರೆ, ನನಗೆ ರಿಪೇರಿ ಬೇಡ. ನಾನು ಹೀಗೇ ಸುಖವಾಗಿದೀನಿ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕತ್ತಿನ ನರ ಉಬ್ಬಿತು. ಜೀವಮಾನದಲ್ಲಿ ಮೊದಲ ಸಲ ಅವನು ಕೂಗಿದ್ದನ್ನು ಕೇಳಿದೆ. "ನಾಯಿಗೆ ಅನ್ನ ಹಾಕಿದ್ರೂ ಬಾಲ ಅಲ್ಲಾಡ್ಸುತ್ತೆ!"

"ನಾಯಿ ಕೈಲಿ ಕುರ್ಚಿ ಹೆಣೆಸ್ಕೊಳ್ಳಿ" ಅಂದೆ. ಅವನು ಹಿಟ್ಟಿನ ಚೀಲದ ಸಮೇತ ಹೋದ.

ಗುರುವಾರ ಬಂತು. ತಲೆಗೆ ಬಟ್ಟೆ ಕಟ್ಟಿದೆ. ಶಾಲು ಹೊದ್ದೆ. ನನ್ನ ಕುರ್ಚಿಯನ್ನು ಹೆಗಲಿಗೆ ಹಾಕಿಕೊಂಡು ನಡೆದೆ.

ಕೋಟ್ಲಾದಲ್ಲಿ ಆ ದಿನ ಪ್ಲಾಸ್ಟಿಕ್ ಕುರ್ಚಿಗಳೂ ಕೆಲವು ಕಂಡವು, ಬಿಳೀದು, ನೀಲೀದು. ಮೊಸಿನ್ಯಿ ನೀಲಿಯದರಲ್ಲಿ ಕೂತಿದ್ದ. ಮೊದಿಸಾ ಅವನ ಹಿಂದೆ ನೆಲದ ಮೇಲೆ. ಸೊರಗಿದ್ದ. ನಾನು ಹೆಂಗಸರ ಸಾಲು ದಾಟಿ, ಹಿರಿಯರ ಸಾಲಿನ ತುದಿಯಲ್ಲಿ ಕುರ್ಚಿ ಬಿಡಿಸಿಟ್ಟು ಕೂತೆ.

"ಅಯ್ಯಯ್ಯಪ್ಪಾ, ಕುರ್ಚಿ ತಂದ್ಬಿಟ್ಳು ನೋಡ್ರೋ!"

"ಕಾಲು ಓರೆ ಇದೆ, ಬೀಳ್ತೀಯ ಕಣೇ!"

ಬೀಳಲಿಲ್ಲ. ಒಂಬತ್ತು ಹಿರಿಯರೂ ಒಬ್ಬೊಬ್ಬರಾಗಿ ಎದ್ದು ತಮ್ಮ ಕೇರಿಯ ಮಾತು ಹೇಳಿದರು. ಏಳು ಕೇರಿ ಬೇಡ ಅಂದವು. ಎರಡು, ನಿಮ್ಮಿಷ್ಟ ಅಂದವು. ಗುಮಾಸ್ತ ಬರೆದುಕೊಂಡ. ಕೋಸಿ ವಂದನೆ ಹೇಳಲು ಎದ್ದ. ನಾನೂ ಎದ್ದೆ.

"ಮತ್ತೆ ನೀನಾ?" ಕೋಸಿ ನಿಟ್ಟುಸಿರು ಬಿಟ್ಟ. "ಮೊಸಿನ್ಯಿ ಕೇರಿ ಮಾತು ಮುಗಿದಾಯ್ತು."

"ನಾನು ಮೊಸಿನ್ಯಿ ಕೇರಿಯೋಳಲ್ಲ, ಒಡೆಯ."

"ಮತ್ತೆ ಯಾವ ಕೇರಿ?"

"ದಾಬೆ ಕೇರಿ."

"ಹಾಗಂತ ಒಂದು ಕೇರಿ ಇಲ್ಲ."

"ಇದೆ. ನಲ್ಲಿ ಆಚೆ, ಮುಳ್ಳಿನ ಮರದ ಕೆಳಗೆ. ಐದು ತಿಂಗಳಾಯ್ತು. ಅಲ್ಲಿಂದ ದಿನಾ ಹೊಗೆ ಏಳೋದನ್ನ ಊರೆಲ್ಲ ನೋಡಿದೆ."

ನಕ್ಕರು. ಕೋಸಿಗೂ ನಗು ಬಂತು. ಆಟ ಮುಗಿಸುವವನ ಹಾಗೆ ಕೇಳಿದ, "ಸರಿ, ಆ ಕೇರಿ ಹಿರಿಯ ಯಾರು?"

"ನಾನೇ."

"ಕೇರೀಲಿ ಎಷ್ಟು ಮಂದಿ?"

ನಾನು ತಮ್ಮನ ಕಡೆ ನೋಡಿದೆ. ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು. ಎದ್ದು ಬರುವುದು ಬೇಡ, ತಲೆ ಎತ್ತಿದ್ದರೆ ಸಾಕಿತ್ತು. ಅವನು ತನ್ನ ಕಾಲ್ಬೆರಳು ನೋಡುತ್ತಿದ್ದ. ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

"ಒಬ್ಬಳು" ಅಂದೆ.

ಈ ಸಲ ಯಾರೂ ನಗಲಿಲ್ಲ. ಯಾಕೋ ಗೊತ್ತಿಲ್ಲ. ಅಧಿಕಾರಿಣಿ ಲೇಖನಿ ಎತ್ತಿದಳು. ಮೊಸಿನ್ಯಿ ಏಳಲು ಹೊರಟ, ಪ್ಲಾಸ್ಟಿಕ್ ಕುರ್ಚಿ ಅವನ ಜೊತೆಗೇ ಎದ್ದು ಸೊಂಟಕ್ಕೆ ಅಂಟಿಕೊಂಡಿತು, ಅದನ್ನು ಬಿಡಿಸಿಕೊಳ್ಳುವಷ್ಟು ಹೊತ್ತು ನನಗೆ ಸಿಕ್ಕಿತು. ಮಾತಾಡು ಎಂದು ಯಾರೂ ಹೇಳಲಿಲ್ಲ. ಕೂತ್ಕೋ ಎಂದೂ ಯಾರೂ ಹೇಳಲಿಲ್ಲ. ನಾನು ಮಾತಾಡಿದೆ.

"ನನ್ನ ಹೆಸರು ಕಾಯೆ. ಅಪ್ಪ ಇಟ್ಟ ಹೆಸರು. ನಾನು ದಾಬೆ ಮಗಳು. ನೀವು ಕೂತಿರೋ ಕುರ್ಚಿ ಮಗುಚಿ ನೋಡಿ, ಅಡೀಲಿ ಬಲಗಾಲ ಹತ್ರ ಒಂದು ಗಂಟಿದೆ. ಅದು ನಮ್ದು. ನಲವತ್ತು ವರ್ಷ ನೀವು ಅದರ ಮೇಲೆ ಕೂತು ಮಾತಾಡಿದ್ದೀರ. ನಮ್ಮಪ್ಪನ ಗುಡ್ಡೆ ಹಟ್ಟೀಲಿ ಉಳಿದಿಲ್ಲ. ಅದರ ಮೇಲೆ ದೊಡ್ಡಿ ಇದೆ. ಅವನ ಮೂಳೆ ಮೇಲೆ ದನ ಮಲಗ್ತವೆ. ಆ ಮಣ್ಣು ಬಿಟ್ಟು ಬರಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ನನಗೆ ನಿವೇಶನ ಬೇಕು. ಕೊಡಿ ಅಂತ ಬೇಡ್ತಾ ಇಲ್ಲ, ಬೇಕು ಅಂತ ಹೇಳ್ತಾ ಇದೀನಿ. ನೀವು ಬೇಡ ಅನ್ನಿ. ಅದು ನಿಮ್ಮ ಮಾತು. ನನ್ನ ಬಾಯಿಂದ ಬೇಡ ಅಂತ ಬರೀಬೇಡಿ. ದಾಬೆ ಕೇರಿ ಮಾತು ಇಷ್ಟೇ."

ಗುಮಾಸ್ತ ಕೋಸಿಯ ಮುಖ ನೋಡಿದ. ಕೋಸಿ ಬೇಲಿಯ ದಿಮ್ಮಿಗಳನ್ನು ನೋಡುತ್ತಿದ್ದ. ಗುಮಾಸ್ತ ಪುಸ್ತಕಕ್ಕೆ ಬಗ್ಗಿದ. ಬರೆದನೋ, ಲೇಖನಿ ಸುಮ್ಮನೆ ಅಲ್ಲಾಡಿಸಿದನೋ, ನನಗೆ ಓದು ಬಾರದು.

ನಾನು ನಿಂತೇ ಇದ್ದೆ. ಹಿರಿಯರ ಮಾತು ಮುಗಿದ ಮೇಲೆ ಸಭೆ ಕೂಗಬೇಕು. ಒಂಬತ್ತು ಜನಕ್ಕೂ ಕೂಗಿದ್ದರು. ಬೇಡ ಅಂದವರಿಗೂ ಕೂಗಿದ್ದರು, ನಿಮ್ಮಿಷ್ಟ ಅಂದವರಿಗೂ ಕೂಗಿದ್ದರು. ಕಾದೆ. ಎಲ್ಲೋ ಒಂದು ಮೇಕೆ ಅರಚಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಅಷ್ಟೇ. ಯಾರೂ ಬಾಯಿ ಬಿಡಲಿಲ್ಲ.

"ಪುಲಾ!" ಎಂದು ನಾನೇ ಕೂಗಿದೆ. ಆಮೇಲೆ ನನ್ನ ಕುರ್ಚಿಯ ಮೇಲೆ ಕೂತೆ.